ಓದುಗರ ಪ್ರಶ್ನೆ: ಜೈಲಿನೊಳಗೆ ಬಣ್ಣ, ಹಾಳೆ, ಮನಸ್ಸು

ಪ್ರಶ್ನೆ: ನಾನು ನಿವೃತ್ತ ಚಿತ್ರಕಲಾ ಶಿಕ್ಷಕಿ. ಮಡಿಕೇರಿಯ ಜಿಲ್ಲಾ ಕಾರಾಗೃಹದಲ್ಲಿ ವಾರಕ್ಕೊಮ್ಮೆ ಚಿತ್ರ ಬಿಡಿಸುವುದನ್ನು ಹೇಳಿಕೊಡುವ ಆಸೆ. ಏನೇನು ಒಯ್ಯಬಹುದು? ಹೇಗೆ ಶುರು ಮಾಡಲಿ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ ಮಾಡಿ. ಮೊದಲು ಕಾರಾಗೃಹದ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಡಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ 105ನೆಯದು, ಕೈದಿಗಳ ದೇಹ–ಮನಸ್ಸಿನ ಆರೋಗ್ಯಕ್ಕಾಗಿ ಎಲ್ಲ ಜೈಲುಗಳಲ್ಲೂ ಸಾಂಸ್ಕೃತಿಕ ಚಟುವಟಿಕೆ ಇರಬೇಕು ಎನ್ನುತ್ತದೆ. ಅರ್ಜಿಯಲ್ಲಿ ಅದನ್ನು ಕಾಣಿಸಿ.

ಸಾಮಗ್ರಿಯ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಸಂಖ್ಯೆಯೂ ಇರಲಿ. ಒಳಗೆ ಹೋಗುವಾಗ ಎಣಿಸಿದ್ದು ಹೊರಬರುವಾಗಲೂ ತಾಳೆಯಾಗಬೇಕು. ಒಂದು ಪೆನ್ಸಿಲ್ ಕಾಣೆಯಾದರೂ ಬ್ಯಾರಕ್ ತಪಾಸಣೆ ನಡೆದು, ಮುಂದಿನ ವಾರದ ತರಗತಿಗೇ ಸಂಚಕಾರ ಬರಬಹುದು. ಮೇಣದ ಕ್ರೆಯಾನ್, ಆಯಿಲ್ ಪೇಸ್ಟಲ್, ಮೊದಲೇ ಚೂಪು ಮಾಡಿದ 4ಬಿ ಪೆನ್ಸಿಲ್, ಬಿಡಿ ಹಾಳೆ ಸಾಕು. ಬ್ಲೇಡು, ಮೆಂಡರ್, ಕತ್ತರಿ, ಕೈವಾರ, ಗಾಜಿನ ಸೀಸೆ, ಟರ್ಪೆಂಟೈನ್, ತಂತಿ ಸುರುಳಿಯ ಪುಸ್ತಕ ಬೇಡ. ಕಾಗದ ಕತ್ತರಿಸಬೇಕಾದಲ್ಲಿ ಕೈಯಿಂದ ಹರಿಯಲಿ.

ಹತ್ತು–ಹನ್ನೆರಡು ಜನ, ಒಂದೂವರೆ ಗಂಟೆ. ಖಾಲಿ ಹಾಳೆ ಕೊಟ್ಟು ‘ಏನಾದರೂ ಬಿಡಿಸಿ’ ಎನ್ನಬೇಡಿ. ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಹಿಡಿಯದವರ ಕೈ ಅಲ್ಲೇ ನಿಂತುಬಿಡುತ್ತದೆ. ಮೊದಲ ಕಾಲು ಗಂಟೆ ಬರೀ ಗೆರೆ: ದಪ್ಪ, ತೆಳು, ವೇಗ, ನಿಧಾನ. ನಂತರ ಹಳೇ ಪತ್ರಿಕೆ ಹರಿದು ಅಂಟಿಸುವುದು. ಬಣ್ಣ, ಆಕಾರ, ಹಾಳೆ ಉದ್ದವೋ ಅಡ್ಡವೋ ಎಲ್ಲವನ್ನೂ ಅವರೇ ಆರಿಸಲಿ. ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಬೇರೆಯವರ ನಿರ್ಧಾರವಾಗಿರುವ ಜಾಗದಲ್ಲಿ ಸ್ವಂತ ಆಯ್ಕೆಯಿಂದಲೇ ಮನಸ್ಸು ಚೇತರಿಸಿಕೊಳ್ಳತೊಡಗುತ್ತದೆ. ಹಾಗಾಗಿ ‘ನಿಮ್ಮ ಮನೆ ಬಿಡಿಸಿ’, ‘ನೋವನ್ನು ಬಿಡಿಸಿ’ ಎಂಬ ವಿಷಯಗಳನ್ನು ನೀವಾಗಿ ಕೊಡಬೇಡಿ. ಯಾವ ಕೇಸು ಎಂದು ಕೇಳಲೂಬೇಡಿ. ಕಪ್ಪು ಬಳಿದರೆ ‘ದುಃಖ’ ಎಂದು ಅರ್ಥ ಹಚ್ಚಬೇಡಿ. ಕೈಗೆ ಸಿಕ್ಕಿದ್ದೇ ಆ ಕ್ರೆಯಾನ್ ಆಗಿರಬಹುದು.

ಕೊನೆಯ ಕಾಲು ಗಂಟೆಗೆ ಚುಕ್ಕಿ ರಂಗೋಲಿಯಂಥ ಶಾಂತ ಕೆಲಸ ಇಟ್ಟುಕೊಳ್ಳಿ. ಮನಸ್ಸು ಕಲಕಿದ ಸ್ಥಿತಿಯಲ್ಲೇ ಬ್ಯಾರಕ್‌ಗೆ ಮರಳಿದವರಿಗೆ ಅಲ್ಲಿ ಅಳಲೂ ಏಕಾಂತವಿಲ್ಲ. ಯಾರಾದರೂ ಸಾಯುವ ಮಾತಾಡಿದರೆ ಜೈಲಿನ ವೈದ್ಯಾಧಿಕಾರಿಗೆ ಹೇಳಲೇಬೇಕು. ಹೀಗೆ ಹೇಳುವಿರೆಂದು ಮೊದಲ ದಿನವೇ ಎಲ್ಲರಿಗೂ ತಿಳಿಸಿ, ಗುಟ್ಟು ಕಾಯುವ ಮಾತು ಕೊಡಬೇಡಿ.

ಚಿತ್ರಗಳು ಬಿಡಿಸಿದವರದ್ದು. ಪ್ರದರ್ಶನ ಮಾಡುವುದಾದರೆ ಅವರ ಒಪ್ಪಿಗೆ ಬೇಕು, ಹೆಸರು ಬೇಡ. ಬ್ರಿಟನ್ನಿನಲ್ಲಿ 1962ರಿಂದ ನಡೆದುಬಂದ, ಕೈದಿಗಳ ಕಲೆಗೆ ಕೊಡುವ ಕೋಸ್ಲರ್ ಪ್ರಶಸ್ತಿಗಳ ಪ್ರದರ್ಶನಗಳಲ್ಲೂ ಕೈದಿಗಳ ಹೆಸರು ಹಾಕದಿರುವುದೇ ರೂಢಿ.

ಪ್ರಶ್ನೆ: ನನ್ನ ತಮ್ಮ ವಿಚಾರಣಾಧೀನ ಕೈದಿ. ಭೇಟಿಗೆ ಹೋದರೆ ಮಾತೇ ಆಡುವುದಿಲ್ಲ, ನಿದ್ದೆಯೂ ಇಲ್ಲವಂತೆ. ಮೊದಲು ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದ. ಬಣ್ಣ ಕಳಿಸಲೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕಳಿಸಿ, ಆದರೆ ಅಧೀಕ್ಷಕರ ಅನುಮತಿ ಪಡೆದು, ಕಚೇರಿಯ ಮೂಲಕವೇ. ಕೇಸಿನ ಘಟನೆಯನ್ನು ಬಿಡಿಸುವುದಾಗಲೀ ಬರೆಯುವುದಾಗಲೀ ಬೇಡವೆಂದು ತಮ್ಮನಿಗೆ ತಿಳಿಸಿ. ಒಳಗಿನ ಕಾಗದಪತ್ರ ತಪಾಸಣೆಗೆ ಒಳಪಡುತ್ತದೆ. ವಕೀಲರನ್ನೂ ಒಮ್ಮೆ ಕೇಳಿ. ಭೇಟಿಯಲ್ಲಿ ‘ಇದ್ಯಾಕೆ ಹೀಗೆ ಬಿಡಿಸಿದ್ದೀಯ’ ಎನ್ನುವ ಬದಲು ‘ಎಲ್ಲಿಂದ ಶುರು ಮಾಡಿದೆ’ ಎಂದು ಕೇಳಿ ನೋಡಿ, ಅದಕ್ಕೆ ಉತ್ತರಿಸುವುದು ಸುಲಭ.

ಆದರೆ ಮಾತು, ನಿದ್ದೆ ಎರಡೂ ನಿಂತಿದ್ದರೆ ಬಣ್ಣವನ್ನೇ ನೆಚ್ಚಿ ಕೂರುವಂತಿಲ್ಲ. ವೈದ್ಯಾಧಿಕಾರಿ ನೋಡಬೇಕೆಂದು ಇವತ್ತೇ ಅಧೀಕ್ಷಕರಿಗೆ ಬರೆದು ಕೊಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕೈದಿಗಳ ಚಿಕಿತ್ಸೆಗೂ ಅವಕಾಶವಿದೆ. ನಿಮಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ಗೆ ಕರೆ ಮಾಡಿ: 14416, ಉಚಿತ.

ಪ್ರಶ್ನೆ: ಜೈಲಿನ ತರಗತಿಗೆ ಮೈದಾ ಅಂಟು ಮಾಡಿಕೊಡುತ್ತೇವೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಮೈಲುತುತ್ತು ಬೆರೆಸಬಹುದೇ? ಕಾಫಿಯಿಂದ ಬಣ್ಣ ಮಾಡಬಹುದೇ?
— ಸ್ವಯಂಸೇವಕರು, ಮಡಿಕೇರಿ

ಉತ್ತರ: ಮೈಲುತುತ್ತು ಬೇಡವೇ ಬೇಡ. ತೋಟದಲ್ಲಿ ಬೋರ್ಡೋ ದ್ರಾವಣಕ್ಕೆ ಬಳಸುವ ಅದು ವಿಷ. ಜೈಲಿನ ಗೇಟು ದಾಟಕೂಡದು. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು, ಹೊಳಪು ಬರುವವರೆಗೆ ತಿರುವಿ. ಅಂದಿನದನ್ನು ಅಂದೇ ಮುಗಿಸಿ. ತೆಳ್ಳಗೆ ಹಚ್ಚಿದರೆ ಬೇಗ ಒಣಗುತ್ತದೆ, ಬೂಸ್ಟೂ ಕಡಿಮೆ.

ಕಾಫಿ ಬಣ್ಣ ಚೆನ್ನ. ಫಿಲ್ಟರ್ ಡಿಕಾಕ್ಷನ್ನನ್ನು ಸಕ್ಕರೆ ಹಾಕದೆ ಅರ್ಧಕ್ಕೆ ಬತ್ತಿಸಿ, ತೆಳು ಪದರಗಳಲ್ಲಿ ಹಚ್ಚಿ. ಇನ್‌ಸ್ಟಂಟ್ ಪುಡಿಯನ್ನು ಗಟ್ಟಿಯಾಗಿ ಕಲಸಿದರೆ ನಮ್ಮ ಜುಲೈ ತೇವಕ್ಕೆ ಜಿಗುಟಾಗಿ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಜೆರಾಕ್ಸ್ ಹಾಳೆ ಸುಕ್ಕಾಗುತ್ತದೆ, ದಪ್ಪ ಡ್ರಾಯಿಂಗ್ ಹಾಳೆಯೇ ಬೇಕು.