ಇಂಗ್ಲಿಷಿನ ‘ಆಸಿನೈನ್’ ಪದ ಎಲ್ಲಿಂದ ಬಂತು?

ಬೆಂಗಳೂರಿನ ಆಫೀಸಲ್ಲಿ ಬಾಸ್ ‘ಆಸಿನೈನ್ ಐಡಿಯಾ’ ಅಂದರೆ, ‘ಕತ್ತೆಬುದ್ಧಿ’ ಅಂತ ನಯವಾಗಿ ಬೈದರು ಎಂದೇ ಲೆಕ್ಕ. ಲ್ಯಾಟಿನ್‌ನಲ್ಲಿ ‘ಆಸಿನುಸ್’ ಎಂದರೆ ಕತ್ತೆ. ಅದರಿಂದ ‘ಆಸಿನಿನುಸ್’, ಅಂದರೆ ಕತ್ತೆಯಂಥದ್ದು. ನಾಯಿಯ ಕೇನೈನ್, ಹಸುವಿನ ಬೋವೈನ್, ಹದ್ದಿನ ಆಕ್ವಿಲೈನ್‌ಗೂ ಇದೇ ಬಾಲ. ಆದರೆ ಪಶುವೈದ್ಯರು ಬೋವೈನ್ ಅಂದರೆ ಅದು ಬರೀ ದನಕ್ಕೆ ಸಂಬಂಧಿಸಿದ್ದು. ಆಸಿನೈನ್ ಮಾತ್ರ ಹೆಚ್ಚಾಗಿ ಬೈಗುಳವೇ ಆಗಿಬಿಟ್ಟಿದೆ. ಪಾಪ ಕತ್ತೆ!

ನನಗೆ ಜಾಸ್ತಿ ಇಷ್ಟ ಇದರ ನೆಂಟ ಪದ. ಚಿತ್ರಸಂತೆಯ ದಿನ ಕುಮಾರಕೃಪ ರಸ್ತೆಯಲ್ಲಿ ಕ್ಯಾನ್ವಾಸ್ ಹೊತ್ತು ನಿಂತಿರುತ್ತಲ್ವಾ ಈಸಲ್? ಅದು ಡಚ್ ಭಾಷೆಯ ‘ಏಜಲ್’ನಿಂದ ಬಂದದ್ದು. ಅದಕ್ಕೂ ಅರ್ಥ ಕತ್ತೆಯೇ, ಬೇರೂ ಅದೇ ಲ್ಯಾಟಿನ್. ಭಾರ ಹೊರುತ್ತದೆ ಅಂತ ಆ ಹೆಸರು.