‘ದಿ ಟ್ರೂಪರ್’ ಮುಖಚಿತ್ರದ ಕೆಂಪು ಕೋಟು ಮತ್ತು ತಲೆಬುರುಡೆ

ಐರನ್ ಮೇಡನ್ ಎಂಬ ಬ್ರಿಟಿಷ್ ಹೆವಿ ಮೆಟಲ್ ಸಂಗೀತ ತಂಡದ ‘ದಿ ಟ್ರೂಪರ್’ ಹಾಡಿನ ಮುಖಚಿತ್ರದಲ್ಲಿರುವ ಸೈನಿಕನ ವೇಷ ನಿಜವಾದದ್ದೇ, ತಲೆಬುರುಡೆಯ ಲಾಂಛನವೆಂದರೆ ನಾತ್ಸಿ ಗುರುತೇ ಎಂದು ನೀವು ಕೇಳಿದ್ದೀರಿ. 1983ರ ಈ ಹಾಡು, 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಾಕ್ಲಾವಾದಲ್ಲಿ ಬ್ರಿಟಿಷರ ಲೈಟ್ ಬ್ರಿಗೇಡ್ ಎಂಬ ಹಗುರ ಅಶ್ವದಳ ರಷ್ಯನ್ ಫಿರಂಗಿಗಳತ್ತ ನಡೆಸಿದ ದಾಳಿಯನ್ನು ಕುರಿತದ್ದು. ತಪ್ಪಾಗಿ ಗ್ರಹಿಸಿದ ಆದೇಶವೊಂದರಿಂದಾಗಿ ಸುಮಾರು 670 ಸವಾರರು ಮೂರು ಕಡೆಯ ಗುಂಡಿನ ನಡುವಿನ ಕಣಿವೆಯೊಳಗೆ ನುಗ್ಗಿದರು. ಹಾಡಿನ ನಿರೂಪಕ ಕೊನೆಗೆ ಒಂಟಿಯಾಗಿ ಸಾಯುವ ಸವಾರನೇ ಆಗಿರುವುದರಿಂದ ಇದನ್ನು ಯುದ್ಧದ ವೈಭವೀಕರಣವೆನ್ನುವುದು ನನಗೆ ಒಪ್ಪಿಗೆಯಾಗದು.

ಚಿತ್ರದಲ್ಲಿ ತಂಡದ ಮುಖಚಿತ್ರಗಳ ಕಾಯಂ ಪಾತ್ರವಾದ ಎಡ್ಡಿ ತೊಟ್ಟಿರುವ ಕೆಂಪು ಕೋಟು ಮಾತ್ರ ಇತಿಹಾಸಕ್ಕೆ ಹೊಂದುವುದಿಲ್ಲ. ಲೈಟ್ ಬ್ರಿಗೇಡಿನ ಐದೂ ರೆಜಿಮೆಂಟುಗಳ ಮೇಲಂಗಿ ನೀಲಿಯದಾಗಿತ್ತು. ಕೆಂಪು ಬಣ್ಣ ಕಾಣುತ್ತಿದ್ದುದು ಅವುಗಳಲ್ಲೊಂದಾದ 11ನೇ ಹುಸಾರ್ಸ್ ಸವಾರರ ಷರಾಯಿಯಲ್ಲಿ. (ಟೀ ಶರ್ಟಿನ ಮೇಲೆ ಕೆಂಪು ಚೆನ್ನಾಗಿ ಒಪ್ಪುತ್ತದೆ, ಅದು ಬೇರೆ ಮಾತು.)

ಬುರುಡೆಯ ವಿಷಯ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಅದೇ ದಾಳಿಯಲ್ಲಿದ್ದ 17ನೇ ಲ್ಯಾನ್ಸರ್ಸ್ ರೆಜಿಮೆಂಟಿನ ಲಾಂಛನವೂ ತಲೆಬುರುಡೆಯೇ. ಅದರ ಕೆಳಗೆ ‘ಆರ್ ಗ್ಲೋರಿ’ ಎಂದಿರುತ್ತದೆ, ಅಂದರೆ ಬುರುಡೆಯನ್ನು ಸಾವೆಂದು ಓದಿಕೊಂಡರೆ ‘ಸಾವು ಅಥವಾ ಕೀರ್ತಿ’ ಎಂಬ ಘೋಷವಾಕ್ಯ ಪೂರ್ತಿಯಾಗುತ್ತದೆ. 1759ರಲ್ಲಿ ಕ್ವಿಬೆಕ್‌ನಲ್ಲಿ ಮಡಿದ ಬ್ರಿಟಿಷ್ ಸೇನಾನಿ ಜನರಲ್ ವುಲ್ಫ್‌ನ ಸ್ಮರಣೆಗಾಗಿ ಅದನ್ನು ಧರಿಸಲಾಯಿತು. ಪ್ರಷ್ಯಾದ (ಹಳೆಯ ಜರ್ಮನ್ ರಾಜ್ಯ) ಹುಸಾರರೂ, ಅಂದರೆ ಹಗುರ ಅಶ್ವದಳದ ಸವಾರರೂ, 18ನೇ ಶತಮಾನದಲ್ಲಿಯೇ ಬುರುಡೆಯನ್ನು ತೊಟ್ಟಿದ್ದರು. ನಾತ್ಸಿಗಳ ಎಸ್‌ಎಸ್ ಪಡೆ ಅದನ್ನು ಬಳಸಿದ್ದು ಬಹಳ ಕಾಲದ ನಂತರ. ಆದ್ದರಿಂದ ಯಾವುದೇ ಮುಖಚಿತ್ರದಲ್ಲಿ ಬುರುಡೆ ಕಂಡಾಗ, ಅದರ ಜೊತೆಗೆ ಯಾವ ಅಕ್ಷರ, ಯಾವ ಸಮವಸ್ತ್ರವಿದೆ ಎಂಬುದನ್ನು ಮೊದಲು ಗಮನಿಸಿ.