ಅಪ್ಪನ ನೆನಪಿಗೆ ಶ್ವಾಸಕೋಶದ ಕಾಯಿಲೆಯ ಯಾವ ಸಂಸ್ಥೆಗೆ ದೇಣಿಗೆ ಕೊಡಲಿ?

ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ದುಡಿದ ಅಪ್ಪ ದಮ್ಮಿನಿಂದ ನರಳಿ ಹೋದರು, ವರ್ಷದ ತಿಥಿಗೆ 50 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ, ಯಾವ ದೊಡ್ಡ ಸಂಸ್ಥೆಗೆ ಕೊಟ್ಟರೆ ಅವರ ಹೆಸರು ಉಳಿಯುತ್ತದೆ ಎಂದು ಕೇಳಿದ್ದೀರಿ. ಓದಿದ ಕೂಡಲೇ 2019ರಲ್ಲಿ ನಾನು ಮಾಡಿದ್ದು ಕಣ್ಣ ಮುಂದೆ ಬಂತು.

ನಮ್ಮದು ರಾಯಚೂರು. ಅವ್ವ ರೊಟ್ಟಿ ಬಡಿದು ನಮ್ಮನ್ನು ಸಾಕಿದಳು. ಖಾನಾವಳಿಗಳಿಗೆ ದಿನಕ್ಕೆ 200 ಜೋಳದ ರೊಟ್ಟಿ, ಮದುವೆ ದಿನಗಳಲ್ಲಿ ಇನ್ನೂ ಜಾಸ್ತಿ. ತಗಡಿನ ಶೆಡ್ಡು, ಒಂದು ಸಣ್ಣ ಕಿಟಕಿ. ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಮಳೆಗಾಲದಲ್ಲಿ ಹಸಿ ಜಾಲಿ ಸಿಕ್ಕರೆ ಅದೇ. ಊದುಗೊಳವೆ ಹಿಡಿದು ಊದುವಾಗ ಅರ್ಧ ಹೊಗೆ ಅವಳ ಎದೆಗೇ ಹೋಗುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆಯಿತು. ಕೆಮ್ಮು ಬಂದಾಗ ನಾವು ಶುಂಠಿ ಕಷಾಯ ಮಾಡಿಕೊಟ್ಟೆವು. ಮೆಟ್ಟಿಲು ಹತ್ತಲು ಆಗದಿದ್ದಾಗ ವಯಸ್ಸು ಅಂದುಕೊಂಡೆವು.

ಕೊನೆಗೆ ಎದೆರೋಗದ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಮಾತು, "ಏನಮ್ಮ, ಬೀಡಿ ಸೇದ್ತಿದ್ರಾ?" ಅವ್ವ, "ಇಲ್ರಿ ಸಾಹೇಬ್ರೆ, ರೊಟ್ಟಿ ಬಡಿತೀನ್ರಿ" ಅಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದೇ" ಅಂದರು. ಕೊಳವೆಯಲ್ಲಿ ಊದಿಸುವ ಪರೀಕ್ಷೆ, ಸ್ಪೈರೋಮೆಟ್ರಿ, ಮಾಡಿಸಿದರು. ಸಿಒಪಿಡಿ, ಅಂದರೆ ಶ್ವಾಸನಾಳ ಕೆಟ್ಟು ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ, ಎಂದು ಗೊತ್ತಾಯಿತು. ಒಲೆ ಹೊಗೆಯೂ ಬೀಡಿಯ ಹಾಗೆಯೇ ಶ್ವಾಸನಾಳ ಕೆಡಿಸುತ್ತದೆ ಎಂದು ನಮಗೆ ಗೊತ್ತಾಗಿದ್ದು ಆ ದಿನ.

ಕೊನೆಯ ಎಂಟು ತಿಂಗಳು ಮನೆಯಲ್ಲಿ ಬಾಡಿಗೆಯ ಆಕ್ಸಿಜನ್ ಕಾನ್ಸಂಟ್ರೇಟರ್ ಇತ್ತು, ಕರೆಂಟಿನಲ್ಲಿ ಓಡುತ್ತ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ. ದಿನಕ್ಕೆ ಕನಿಷ್ಠ 15 ತಾಸು ಹಾಕಿಕೊಳ್ಳಬೇಕು ಎಂದಿದ್ದರು. ನಾನು ಕೆಲಸಕ್ಕೆ ಹೊರಟ ಮೇಲೆ ಅವ್ವ ಅದನ್ನು ಆರಿಸಿಬಿಡುತ್ತಿದ್ದಳು. ಕೇಳಿದರೆ, "ಮೀಟ್ರು ಓಡ್ತದಪ್ಪ." 2018ರ ಡಿಸೆಂಬರಿನಲ್ಲಿ ಹೋದಳು.

ಇಷ್ಟೆಲ್ಲ ಕಣ್ಣಾರೆ ಕಂಡವನು ಮುಂದಿನ ವರ್ಷ ಏನು ಮಾಡಿದೆ? ಅವಳ ವರ್ಷದ ತಿಥಿಗೆ ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡುವ ಅಂಥವೇ ಎರಡು ಹೊಸ ಯಂತ್ರ ಕೊಂಡೆ. ಅವ್ವನ ಫೋಟೊ, ಹೆಸರು ಇದ್ದ ಹಿತ್ತಾಳೆ ಫಲಕ ಮಾಡಿಸಿದೆ. ತಾಲೂಕಿನ ಒಂದು ಟ್ರಸ್ಟಿನ ಚಿಕ್ಕ ದವಾಖಾನೆಗೆ ಕೊಟ್ಟೆ. ಹಾರ ಹಾಕಿದರು, ಫೋಟೊ ತೆಗೆದರು. ಹೊರಡುವಾಗ ನಾನೇ ಒಂದು ಮಾತು ಸೇರಿಸಿದೆ: "ಯಾರ ಮನೆಗೂ ಕೊಡಬೇಡಿ, ಕಳೆದುಹೋದೀತು. ಇಲ್ಲೇ ಇರಲಿ."

ಆ ಒಂದು ಮಾತೇ ಎಲ್ಲವನ್ನೂ ಕೆಡಿಸಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ದಾರಿಯಲ್ಲಿದ್ದೀರಿ. ಅದು ಬೆಳಿಗ್ಗೆ ತೆರೆದು ಮಧ್ಯಾಹ್ನ ಮುಚ್ಚುವ ದವಾಖಾನೆ. ರಾತ್ರಿ ಯಾರೂ ಉಳಿಯುವುದಿಲ್ಲ. ಅವ್ವನಂಥವರಿಗೆ ಆಕ್ಸಿಜನ್ ಬೇಕಾಗುವುದು ಮನೆಯಲ್ಲಿ, ರಾತ್ರಿ ಮಲಗಿದಾಗ, ದಿನಕ್ಕೆ 15 ತಾಸು. ದವಾಖಾನೆಗೆ ಬಂದು ಅರ್ಧ ತಾಸು ಮೂಗಿಗೆ ಕೊಳವೆ ಹಾಕಿಕೊಂಡು ಹೋದರೆ ಏನೂ ಉಪಯೋಗವಿಲ್ಲ. ಮನೆಗೆ ಹೋಗಬೇಕಾದ ಯಂತ್ರವನ್ನು ಫಲಕ ಕಾಣುವ ಜಾಗದಲ್ಲಿ ಇಡಿಸಿದೆ.

ಸುಮ್ನೆ ಇಟ್ಟರೆ ಯಂತ್ರ ಹಾಗೇ ಇರುತ್ತದೆ ಎಂದೂ ಅಂದುಕೊಂಡಿದ್ದೆ. ಇರುವುದಿಲ್ಲ. ಅದರೊಳಗೆ ಜಿಯೋಲೈಟ್ ಎಂಬ ಹರಳು ತುಂಬಿರುತ್ತದೆ. ಗಾಳಿಯ ನೈಟ್ರೋಜನ್ನನ್ನು ಅದು ಹಿಡಿದಿಟ್ಟುಕೊಂಡು ಆಕ್ಸಿಜನ್ ಹೊರಗೆ ಬಿಡುತ್ತದೆ. ತಿಂಗಳುಗಟ್ಟಲೆ ಓಡಿಸದೆ ಇಟ್ಟರೆ ಆ ಹರಳು ತೇವ ಹೀರಿ ಕೆಡುತ್ತದೆ. ಆಗಾಗ ಸ್ವಲ್ಪ ಹೊತ್ತು ಓಡಿಸಬೇಕು, ಫಿಲ್ಟರ್ ತೊಳೆಯಬೇಕು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದರೆ ಸ್ಟೆಬಿಲೈಸರ್ ಬೇಕು. ಇದ್ಯಾವುದನ್ನೂ ನಾನು ಅವರಿಗೆ ಹೇಳಲಿಲ್ಲ, ಸ್ಟೆಬಿಲೈಸರ್ ಕೊಡಲೂ ಇಲ್ಲ.

2021ರ ಮೇ ತಿಂಗಳು. ಆಕ್ಸಿಜನ್‌ಗಾಗಿ ಜನ ಊರೂರು ಅಲೆಯುತ್ತಿದ್ದರು. ದವಾಖಾನೆಯವರು ಫೋನ್ ಮಾಡಿ, "ನಿಮ್ಮ ಮಷಿನ್ ಹಾಕಿದ್ವಿ, ಎರಡರಲ್ಲೂ ಹಳದಿ ಲೈಟ್ ಬರ್ತಿದೆ" ಅಂದರು. ಬರುವ ಗಾಳಿಯಲ್ಲಿ ಬೇಕಾದಷ್ಟು ಆಕ್ಸಿಜನ್ ಇಲ್ಲ ಅಂತ ಅದರರ್ಥ. ಹೋಗಿ ನೋಡಿದೆ. ಮೇಲೆ ಬಟ್ಟೆ ಹೊದಿಸಿತ್ತು, ಫಲಕ ಮಾತ್ರ ಹೊಳೆಯುತ್ತಿತ್ತು. ಆ ದಿನ ಆ ಯಂತ್ರ ಯಾರಿಗೆ ಬೇಕಾಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ದವಾಖಾನೆಯವರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಕೊಡಬೇಡಿ ಎಂದವನು ನಾನೇ ಅಲ್ವಾ?

ಯಂತ್ರಗಳನ್ನು ವಾಪಸ್ ತಂದು ರಿಪೇರಿ ಮಾಡಿಸಿದೆ. ಫಲಕ ಬಿಚ್ಚಿದೆ. ಈಗ ನಮ್ಮ ಓಣಿಯ ಔಷಧಿ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇದೆ. ಡಾಕ್ಟರ್ ಚೀಟಿ ತಂದವರ ಮನೆಗೆ ಯಂತ್ರ ಹೋಗುತ್ತದೆ, ಜೊತೆಗೆ ಸ್ಟೆಬಿಲೈಸರ್ ಮತ್ತು ಆಕ್ಸಿಮೀಟರ್. ಚೀಟಿ ಬೇಕೇ ಬೇಕು. ದಮ್ಮು ಬಂದವರಿಗೆಲ್ಲ ಆಕ್ಸಿಜನ್ ಬೇಕಾಗುವುದಿಲ್ಲ, ಸಿಒಪಿಡಿ ಇರುವ ಕೆಲವರಿಗೆ ಅಳತೆ ಮೀರಿ ಕೊಟ್ಟರೆ ಅಪಾಯ. ಎಷ್ಟು ಲೀಟರ್ ಎಂದು ಡಾಕ್ಟರೇ ಬರೆಯಬೇಕು.

ಕರೆಂಟ್ ಬಿಲ್ ನಾನು ಕಟ್ಟುತ್ತೇನೆ. ಸುಮಾರು 350 ವಾಟ್ ಎಳೆಯುವ ಯಂತ್ರ 15 ತಾಸು ಓಡಿದರೆ ದಿನಕ್ಕೆ ಐದು ಯೂನಿಟ್ ದಾಟುತ್ತದೆ, ತಿಂಗಳಿಗೆ 150ಕ್ಕೂ ಮೇಲೆ. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ಆ ಮನೆಯ ಹಳೆಯ ಸರಾಸರಿ ಲೆಕ್ಕದ ಮೇಲೆ. ಹಾಗಾಗಿ ಯಂತ್ರ ಬಂದ ಮನೆಗೆ ಬಿಲ್ ಬಂದೇ ಬರುತ್ತದೆ. ಆ ಹೆದರಿಕೆಗೆ ಅವ್ವನ ಹಾಗೆ ಇನ್ನೊಬ್ಬರು ಸ್ವಿಚ್ ಆರಿಸಬಾರದು.

ಈಗ ನಿಮ್ಮ ವಿಷಯ. ದೊಡ್ಡ ಸಂಸ್ಥೆ ಹುಡುಕುವುದನ್ನು ಬಿಡಿ ಎನ್ನುತ್ತೇನೆ. ಮೊದಲು ಅಪ್ಪನ ಜೊತೆ ಕಲ್ಲು ಕೊರೆದವರ ಮನೆಗಳಿಗೆ ಹೋಗಿ. ಅವರಲ್ಲಿ ಯಾರು ಕೆಮ್ಮುತ್ತಿದ್ದಾರೆ ನೋಡಿ. ಗ್ರಾನೈಟ್ ಕೊರೆಯುವಾಗ ಏಳುವ ಸಣ್ಣ ಸಿಲಿಕಾ ಧೂಳು ಬಾಯಿಗೆ ಕಟ್ಟಿದ ಟವೆಲಿಗೆ ನಿಲ್ಲುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ. ಅದಿದ್ದವರಿಗೆ ಕ್ಷಯ ಬೇಗ ತಗಲುತ್ತದೆ. ಎಷ್ಟೋ ಸಲ ಸಿಲಿಕೋಸಿಸ್ಸನ್ನೇ ಕ್ಷಯ ಅಂದುಕೊಂಡು ಔಷಧಿ ಕೊಡುವುದೂ ಉಂಟು. ನಿಮ್ಮ 50 ಸಾವಿರದಲ್ಲಿ ಅವರಿಗೆ ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ ಮಾಡಿಸಿ. ಪರೀಕ್ಷೆಗೆ ಹೋದ ದಿನದ ಕೂಲಿಯನ್ನೂ ಕೊಡಿ. ಕೂಲಿ ತಪ್ಪುತ್ತದೆ ಎಂದೇ ಯಾರೂ ಹೋಗುವುದಿಲ್ಲ. ಡಾಕ್ಟರಿಗೆ ಕಲ್ಲಿನ ಕೆಲಸ ಎಂದು ಮೊದಲೇ ಹೇಳಲು ಕಲಿಸಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅಪ್ಪನ ಎಕ್ಸ್‌ರೇ, ಚೀಟಿ, ಹಾಜರಿ ಪುಸ್ತಕ, ಏನಿದೆಯೋ ಅದನ್ನೆಲ್ಲ ಜೋಪಾನ ಮಾಡಿ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಪಟ್ಟಿಯಲ್ಲಿ ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆ ಎಂದೇ ಇತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಮ್ಮನಿಗೆ ಸಿಗಬೇಕಾದದ್ದು ಏನಾದರೂ ಇದೆಯಾ ಎಂದು ಒಬ್ಬ ವಕೀಲರನ್ನು ಕೇಳಿ, ಆಮೇಲೆ ದಾನದ ಮಾತು.

ಪರೀಕ್ಷೆಯಲ್ಲಿ ಯಾರಿಗಾದರೂ ಕ್ಷಯ ಇದೆ ಎಂದು ಗೊತ್ತಾದರೆ ಔಷಧಿ ಸರ್ಕಾರದಿಂದ ಉಚಿತ. ನೀವು ನಿ-ಕ್ಷಯ್ ಮಿತ್ರ (ಕ್ಷಯ ರೋಗಿಗಳಿಗೆ ನೆರವಾಗಲು ಸರ್ಕಾರದಲ್ಲಿ ಹೆಸರು ಬರೆಸಿದ ದಾನಿ) ಆಗಿ ಕನಿಷ್ಠ ಆರು ತಿಂಗಳು ಅವರಿಗೆ ಆಹಾರದ ಕಿಟ್ ಕೊಡಬಹುದು. ಜಿಲ್ಲಾ ಕ್ಷಯರೋಗ ನಿಯಂತ್ರಣ ಕಚೇರಿಯಲ್ಲಿ ವಿಚಾರಿಸಿ.

ದೇಣಿಗೆಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿಯ ಬಗ್ಗೆಯೂ ಕೇಳಿದ್ದಿರಿ. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿ ಇಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಸಿಗುತ್ತದೆ. ನಾನು ಹೇಳಿದ ಹಾಗೆ ನೇರವಾಗಿ ಖರ್ಚು ಮಾಡಿದರೆ ಅದೂ ಸಿಗುವುದಿಲ್ಲ. ನನಗೂ ಸಿಕ್ಕಿಲ್ಲ. ಆದರೆ ಈಗ ಯಂತ್ರ ಇರುವ ಒಂದು ಮನೆಯ ಈ ತಿಂಗಳ ಜೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ 161 ಯೂನಿಟ್ ಜಾಸ್ತಿ ಬಂದಿದೆ. ಆ ಮನೆಯ ಅಜ್ಜಿ ಯಂತ್ರ ಆರಿಸಿಲ್ಲ ಎಂದು ಅದರಿಂದಲೇ ಗೊತ್ತಾಯಿತು.